ನಮ್ಮ ಮನೆಯ ಮೂಗು

ಬಿಸಿ ಕೊಬ್ಬರಿ ಎಣ್ಣೆಯ ವಾಸನೆ ಬಂತೆಂದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಈಚೆಗೆ ಸಾಗರದಲ್ಲಿ ಅಣ್ಣನ ಮನೆಗೆ ಹೋಗಿದ್ದೆ. ಅವನ ಮೊಮ್ಮಗಳಿಗೆ ಎರಡು ತಿಂಗಳು. ನಾನು ತೀರ್ಥಹಳ್ಳಿಯಿಂದ ಹೋದ ದಿನ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಕೆಲಸ ನನ್ನದೇ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಕೈಕಾಲು ನೀವಿದೆ, ನೆತ್ತಿಗೆ ಎಣ್ಣೆ ಒತ್ತಿದೆ. ಆಮೇಲೆ ಹೆಬ್ಬೆರಳು, ತೋರುಬೆರಳು ಎರಡೂ ತಾವಾಗಿಯೇ ಮಗುವಿನ ಮೂಗಿನ ಮೇಲೆ ಹೋದವು.

“ಚೂರು ಗಟ್ಟಿ ತೀಡೇ ಮಾರಾಯ್ತಿ,” ಎಂದರು ಅತ್ತಿಗೆ, ಬಾಗಿಲಲ್ಲಿ ಟವೆಲ್ ಹಿಡಿದು ನಿಂತು. “ನಿಮ್ಮನೆ ಮೂಗೇ ಬಂದ್ಬಿಟ್ಟಿದೆ ಇದಕ್ಕೆ. ಹೆಣ್ಮಗು ಬೇರೆ.”

ಅತ್ತಿಗೆಯ ಹಿಂದೆ ನನ್ನ ಮಗಳು ದೀಪ್ತಿ ನಿಂತಿದ್ದಳು. ಇಪ್ಪತ್ತನಾಲ್ಕು ವರ್ಷ, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅದರ ಮುಂದಿನ ಸೋಮವಾರ ಶಿವಮೊಗ್ಗದಲ್ಲಿ ಅವಳ ಮೂಗಿನ ಆಪರೇಷನ್ ಎಂದು ನಿಗದಿಯಾಗಿತ್ತು. ಕಾಯಿಲೆಯ ಆಪರೇಷನ್ ಅಲ್ಲ, ಮೂಗನ್ನು ಚೆಂದ ಮಾಡಿಸುವ ಆಪರೇಷನ್. ಅವಳು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ನನ್ನ ಕೈ ಅಲ್ಲೇ ನಿಂತಿತು.

ಅದು ಹಾಗೇ ನಿಂತಿರಲಿ, ನಾವು ಸ್ವಲ್ಪ ಹಿಂದೆ ಹೋಗಿ ಬರೋಣ. ಬಚ್ಚಲು ಬೆಚ್ಚಗಿದೆ, ಮಗುವಿಗೇನೂ ಚಳಿಯಾಗುವುದಿಲ್ಲ.

ನಮ್ಮ ಮನೆಯ ಮೂಗು ಎಂದರೆ ಬುಡದಲ್ಲಿ ತಗ್ಗು, ತುದಿಯಲ್ಲಿ ಅಗಲ. ಅಪ್ಪನಿಗಿತ್ತು, ಅಪ್ಪನ ತಾಯಿಗಿತ್ತು. ಅಣ್ಣನ ಮುಖದಲ್ಲಿ ಅದನ್ನು ಯಾರೂ ಗಮನಿಸಲೇ ಇಲ್ಲ, ಗಂಡಸಲ್ಲವೇ. ನನ್ನ ಮುಖಕ್ಕೆ ಬಂದಾಗ ಮಾತ್ರ ಅದು ಊರಿನ ವಿಷಯವಾಯಿತು. ಅಪ್ಪ ಗಂಧದ ಕೆತ್ತನೆಯವರು. ದಿನವಿಡೀ ಮನೆಯಲ್ಲಿ ದೇವಿಯರ ಮೂಗು ತಯಾರಾಗುತ್ತಿತ್ತು, ಎಲ್ಲವೂ ನೇರ, ಎಲ್ಲವೂ ಚೂಪು. ಅಪ್ಪ ಕೈವಾರ ಹಿಡಿದು ಮುಖವನ್ನು ಮೂರು ಸಮಪಾಲು ಮಾಡುತ್ತಿದ್ದರು. ಹಣೆ ಒಂದು ಪಾಲು, ಮೂಗು ಒಂದು ಪಾಲು, ಅಲ್ಲಿಂದ ಗಲ್ಲದ ತುದಿಯವರೆಗೆ ಇನ್ನೊಂದು. ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅದೇ ಕೈವಾರವನ್ನು ಕದ್ದು, ಕನ್ನಡಿ ಮುಂದೆ ನಿಂತು ನನ್ನ ಮುಖಕ್ಕೆ ಹಿಡಿದು ನೋಡಿದೆ. ಹಣೆ ಪಾಸು, ಗಲ್ಲ ಪಾಸು, ಮೂಗು ಫೇಲು. ನಾನು ಗಣಿತದಲ್ಲಿ ದಡ್ಡಿ, ಆದರೆ ಇದೊಂದು ಮಾತ್ರ ಸರಿಯಾಗಿ ಬಂತು.

ಗಲ್ಲ ತಗ್ಗಿಸಿದರೆ ಮೂಗು ಉದ್ದ ಕಾಣುತ್ತದೆ ಎಂದು ಗೆಳತಿಯೊಬ್ಬಳು ಹೇಳಿದ್ದಳು. ಅಂದಿನಿಂದ ಒಂದು ಫೋಟೊದಲ್ಲೂ ನಾನು ಮುಖ ಎತ್ತಿಲ್ಲ. ನನ್ನ ಮದುವೆಯ ಆಲ್ಬಮ್ ನೋಡಿದವರು, ಮದುಮಗಳು ನೆಲದಲ್ಲಿ ಓಲೆ ಬೀಳಿಸಿಕೊಂಡು ಹುಡುಕುತ್ತಿದ್ದಾಳೆ ಎಂದುಕೊಳ್ಳಬೇಕು.

ನಾನು ಕೈವಾರ ಕದ್ದ ವರ್ಷವೇ ಹೊಸನಗರದ ಮನೆಯೊಂದರವರು ಪೂಜೆಗೆಂದು ಗಂಧದ ಸರಸ್ವತಿ ಮಾಡಲು ಹೇಳಿದ್ದರು. ಮುಖದ ಕೆಲಸ ಬಹುಮಟ್ಟಿಗೆ ಮುಗಿದಿತ್ತು, ಮೂಗೊಂದು ದಪ್ಪವಿತ್ತು. ಮೂಗನ್ನು ಕೊನೆಯವರೆಗೂ ದಪ್ಪವಾಗಿಯೇ ಬಿಡುವುದು ಅಪ್ಪನ ಪದ್ಧತಿ, ಒಮ್ಮೆ ತೆಗೆದ ಮರವನ್ನು ಮತ್ತೆ ಸೇರಿಸಲು ಬರುವುದಿಲ್ಲವಲ್ಲ. ನನಗೂ ಅದು ಗೊತ್ತಿತ್ತು. ಆದರೂ ಆ ಮೂಗು ನೋಡಿ ತಡೆಯಲಾಗಲಿಲ್ಲ. ಪಾಪ, ಸರಸ್ವತಿಗೂ ನನ್ನ ಗತಿಯೇ ಅನ್ನಿಸಿತು. ಅಪ್ಪ ಊಟಕ್ಕೆ ಎದ್ದಾಗ ಸಣ್ಣ ಉಳಿ ತೆಗೆದುಕೊಂಡು ಎರಡೂ ಬದಿ ಚೂರು ಚೂರೇ ತೆಳ್ಳಗೆ ಮಾಡತೊಡಗಿದೆ. ಮೂಗಿನ ತುದಿ ಎಗರಿ ನನ್ನ ಲಂಗದ ಮೇಲೆ ಬಿತ್ತು.

ಅಪ್ಪ ಬಂದು ನೋಡಿದರು. ಬಯ್ದಿದ್ದರೆ ಚೆನ್ನಾಗಿತ್ತು, ಬಯ್ಯಲಿಲ್ಲ. ಮೂಗು ಮುರಿದ ವಿಗ್ರಹವನ್ನು ಪೂಜೆಗೆ ಕೊಡುವ ಹಾಗಿಲ್ಲ. “ಈಗ ಎಂತ ಮಾಡೋದು ಅಪ್ಪ?” ಎಂದು ಅಳುತ್ತ ಕೇಳಿದೆ.

“ಎಂತ ಮಾಡೋದು, ಮುಖ ಪೂರ್ತಿ ಹಿಂದೆ ತಗೊಂಡು ಹೋಗೋದು,” ಎಂದರು. “ಮೂಗು ಮುಂದೆ ಬರ್ಬೇಕಂದ್ರೆ ಕೆನ್ನೆ, ತುಟಿ, ಕಣ್ಣು ಎಲ್ಲಾನೂ ಕೆತ್ತಿ ಇಳಿಸ್ಬೇಕು. ಕೂತ್ಕೋ, ನೋಡು.”

ನಾಲ್ಕು ದಿನ ಪಕ್ಕದಲ್ಲೇ ಕೂರಿಸಿಕೊಂಡರು. ಒಂದು ಮೂಗಿಗಾಗಿ ಇಡೀ ಮುಖ ಪುಡಿಯಾಗಿ ಚಾಪೆಯ ಮೇಲೆ ಉದುರಿತು. ಹೊಸ ಮುಖ ಚೆನ್ನಾಗಿಯೇ ಬಂತು, ಹೊಸನಗರದವರು ಕಣ್ಣಿಗೊತ್ತಿಕೊಂಡು ಒಯ್ದರು. ಅವರು ಹೋದ ಮೇಲೆ ಅಪ್ಪ ಉಳಿಗಳನ್ನು ಒರೆಸಿಡುತ್ತ, “ಚೆಂದ ಇದ್ದಾಳೆ. ಆದ್ರೆ ನಾನು ಮಾಡೋಕೆ ಹೊರಟಿದ್ದು ಇವಳನ್ನಲ್ಲ,” ಎಂದರು.

ಇಷ್ಟು ಕಣ್ಣಾರೆ ಕಂಡವಳಿಗೆ ಬುದ್ಧಿ ಬರಬೇಕಿತ್ತು ತಾನೆ? ಬರಲಿಲ್ಲ. ದೀಪ್ತಿ ಹುಟ್ಟಿದಾಗ ನಾನು ಮೊದಲು ಕೇಳಿದ್ದೇ ಮೂಗು ಹೇಗಿದೆ ಅಂತ. ಎಣ್ಣೆ ಹಚ್ಚಿ ತೀಡಿದರೆ ಎಳೆ ಮೂಗು ನೆಟ್ಟಗಾಗುತ್ತದೆ ಎನ್ನುವುದು ನಮ್ಮ ಹೆಂಗಸರ ನಂಬಿಕೆ. ಒಂದು ವರ್ಷ, ಒಂದು ದಿನವೂ ಬಿಡದೆ ತೀಡಿದೆ. ಅವಳು ಚೀರುತ್ತಿದ್ದಳು, ನಾನು ತೀಡುತ್ತಿದ್ದೆ. ಜಪ್ಪಯ್ಯ ಅಂದರೂ ಮೂಗು ಇದ್ದ ಹಾಗೇ ಇತ್ತು. ಅದಕ್ಕಿಂತ ಕೆಟ್ಟದ್ದನ್ನು ಮಾಡಿದ್ದು ಆಮೇಲೆ. ನೆಂಟರು ಸೇರಿದಲ್ಲೆಲ್ಲ ಅದನ್ನು ತಮಾಷೆ ಮಾಡಿ ಹೇಳಿದೆ. “ಎಷ್ಟು ಡಬ್ಬಿ ಎಣ್ಣೆ ಸುರಿದೆ, ಈ ಮೂಗು ಮಾತ್ರ ಜಗ್ಗಲಿಲ್ಲ ನೋಡಿ.” ಎಲ್ಲರೂ ನಗುತ್ತಿದ್ದರು. ದೀಪ್ತಿ ಐದು ವರ್ಷದವಳಿದ್ದಾಗಲೂ ನಕ್ಕಳು, ಹದಿನೈದಾದಾಗಲೂ ನಕ್ಕಳು. ಅವಳು ನಗುತ್ತಾಳಲ್ಲ ಎಂದು ನಾನು ನೆಮ್ಮದಿಯಾಗಿದ್ದೆ.

ಎರಡು ತಿಂಗಳ ಹಿಂದೆ ಅವಳು ಒಂದು ಹಾಳೆ ತಂದು ಊಟದ ಟೇಬಲ್ ಮೇಲಿಟ್ಟಳು. ಆಸ್ಪತ್ರೆಯಲ್ಲಿ ಕಂಪ್ಯೂಟರಿನಿಂದ ತೆಗೆದುಕೊಟ್ಟದ್ದು. ಎಡಗಡೆ ಈಗಿನ ಮುಖ, ಬಲಗಡೆ ಆಪರೇಷನ್ ಆದ ಮೇಲಿನ ಮುಖ. ಬಲಗಡೆಯವಳು ಚೆಂದವೇ ಇದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೆ ಬಂದಿದ್ದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದೆ, ಮಾತಾಡಿಸುತ್ತಿರಲಿಲ್ಲ.

“ನಿಂಗ್ಯಾಕೆ ಬೇಕೇ ಇದು?” ಎಂದೆ.

“ನೀನೇ ಶುರು ಮಾಡಿದ್ದಲ್ವಾ ಅಮ್ಮ. ನಾನು ಮುಗಿಸ್ತಿದೀನಿ ಅಷ್ಟೆ,” ಎಂದಳು, ಅನ್ನ ಬಡಿಸಿಕೊಳ್ಳುತ್ತ.

ಅವಳ ಮುಖ, ಅವಳ ತೀರ್ಮಾನ. ಮಾಡಿಸಿಕೊಂಡು ಸುಖವಾಗಿರುವವರೂ ಇದ್ದಾರೆ, ಅಷ್ಟು ನನಗೂ ತಿಳಿಯುತ್ತದೆ. ಆದರೆ ಈ ತೀರ್ಮಾನ ಅವಳದೋ, ಬಚ್ಚಲಲ್ಲಿ ಕೂತು ನಾನು ಮಾಡಿದ್ದೋ? ಎರಡು ತಿಂಗಳಿಂದ ಈ ಪ್ರಶ್ನೆ ನನ್ನನ್ನು ತಿನ್ನುತ್ತಿತ್ತು. ಕೇಳುವ ಧೈರ್ಯ ಇರಲಿಲ್ಲ.

ಈಗ ಬಚ್ಚಲಿಗೆ ಬನ್ನಿ. ಮಗು ನನ್ನ ಬೆರಳುಗಳ ನಡುವಿನಿಂದ ನನ್ನನ್ನೇ ನೋಡುತ್ತಿದೆ. ನಾನು ಕೈ ತೆಗೆದೆ.

“ಇಲ್ಲ ಅತ್ತಿಗೆ, ತೀಡಲ್ಲ. ಇದು ಅಪ್ಪನ ಮೂಗು. ಹಿಂಗೇ ಇರ್ಲಿ.”

“ಅಲ್ವೇ, ನಾಳೆ ಹುಡುಗಿ ನೋಡೋಕೆ ಬಂದೋರು…” ಎಂದು ಅತ್ತಿಗೆ ಶುರು ಮಾಡಿದರು.

“ಬರೋರು ಬೇಕಾದ್ರೆ ಅವರ ಕಣ್ಣು ತೀಡಿಸ್ಕೊಂಡು ಬರ್ಲಿ,” ಎಂದೆ. ಆಮೇಲೆ ಧೈರ್ಯ ತಂದುಕೊಂಡು ಮಗಳ ಕಡೆ ತಿರುಗಿದೆ. “ದೀಪ್ತಿ, ಆ ಎಣ್ಣೆ ಡಬ್ಬಿ ಮಾತನ್ನ ನಾನು ಆಡ್ಬಾರ್ದಿತ್ತು. ತಪ್ಪು ನಂದು. ಸೋಮವಾರ ನೀನು ಹೋಗೋದಾದ್ರೆ ಜೊತೆಗೆ ನಾನೂ ಬರ್ತೀನಿ. ಆದ್ರೆ ನಾನು ಶುರು ಮಾಡಿದ್ದನ್ನ ಮುಗಿಸೋಕೆ ಅಂತ ಮಾತ್ರ ಹೋಗ್ಬೇಡ.”

ಅತ್ತಿಗೆ ಬಿಸಿನೀರು ತೋಡಿಕೊಟ್ಟರು, ನಾನು ಮಗುವಿಗೆ ಹಾಕಿದೆ. ಟವೆಲಿನಲ್ಲಿ ಸುತ್ತಿ ಕೊಡುವಾಗ ದೀಪ್ತಿ ಕೇಳಿದಳು, “ನಿಂಗೆ ನಿನ್ನ ಮೂಗು ಇಷ್ಟನಾ?”

ಹೌದು ಎನ್ನಲು ಬಾಯಿ ತೆರೆದೆ. ಸುಳ್ಳಾಗುತ್ತಿತ್ತು. “ಇಲ್ಲ,” ಎಂದೆ. “ಆದ್ರೆ ಇವತ್ತಿಂದ ಅದನ್ನ ಬಯ್ಯಲ್ಲ. ನಂದನ್ನೂ ಇಲ್ಲ, ನಿಂದನ್ನೂ ಇಲ್ಲ.”

“ಎಷ್ಟು ದಿನ ಬಯ್ಯದೆ ಇರ್ತೀಯ ನೋಡ್ತೀನಿ,” ಎಂದಳು. “ಅಲ್ಲೀವರೆಗೆ ಡಾಕ್ಟ್ರು ಕಾಯ್ಲಿ.”

ಹಾಗಾಗಿ ಆಪರೇಷನ್ ರದ್ದಾಗಿಲ್ಲ, ಮುಂದಕ್ಕೆ ಹೋಗಿದೆ. ಹಾಳೆ ಇನ್ನೂ ಟೇಬಲ್ ಮೇಲೆಯೇ ಇದೆ. ನಾನು ಮೂಗನ್ನು ಬಯ್ಯದೆ ಇವತ್ತಿಗೆ ಹನ್ನೊಂದು ದಿನ. ಸುಲಭ ಎಂದುಕೊಳ್ಳಬೇಡಿ, ಐವತ್ತು ವರ್ಷ ಪಳಗಿದ ನಾಲಿಗೆ ಇದು. ಕನ್ನಡಿ ಕಂಡಾಗಲೆಲ್ಲ ಮಾತು ಬಾಯಿಗೆ ಬರುತ್ತದೆ, ನುಂಗುತ್ತೇನೆ. ಅವಳ ತೀರ್ಮಾನ ಏನೇ ಆಗಲಿ, ನನ್ನದು ಆಗಿದೆ. ಹಿಡಿದ ಹಟ ಬಿಡುವ ಜಾತಿಯಲ್ಲ ನಾನು.

ನಿನ್ನೆ ಸಂಜೆ ದೀಪ್ತಿ ಮೊಬೈಲ್ ಹಿಡಿದು, “ಅಮ್ಮ, ಇಲ್ಲಿ ನೋಡು,” ಎಂದಳು. ರೂಢಿಯಂತೆ ಗಲ್ಲ ತಗ್ಗಿತು. ಮತ್ತೆ ಎತ್ತಿದೆ. ಒಂದು ಫೋಟೊ ತೆಗೆದು, ಇನ್ನೊಂದಕ್ಕೆ ಅವಳೇ ಬಂದು ನನ್ನ ಪಕ್ಕ ನಿಂತು ಮೊಬೈಲನ್ನು ಮುಂದೆ ಚಾಚಿದಳು. ಪರದೆಯಲ್ಲಿ ನೋಡಿದೆ. ಅವಳ ಗಲ್ಲ ತಗ್ಗಿತ್ತು, ಥೇಟ್ ನನ್ನ ಹಾಗೆ. ಇದನ್ನು ನಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲ.

ಮೊಣಕೈಯಿಂದ ಮೆಲ್ಲಗೆ ತಿವಿದೆ. ಅವಳು ಮುಖ ಎತ್ತಿದಳು.