ರಿಲೇಯ ಟಿಕ್ ಸದ್ದು

ತಿಪಟೂರಿನ ರೇಡಿಯೋ ರಿಪೇರಿ ತೋಂಟದಾರ್ಯನಿಗೆ ತನ್ನ ಕೈಕೆಲಸದ ಮೇಲೆ ಬಲು ಜಂಬ. ಎಂಬತ್ನಾಲ್ಕನೇ ಇಸವಿಯಲ್ಲಿ ಬೆಂಗಳೂರಿನಿಂದ ಒಂದು ಕಂಪ್ಯೂಟರ್ ಕಿಟ್ ತಂದ. ಡಬ್ಬಿಯಿಲ್ಲ, ಪರದೆಯಿಲ್ಲ, ಒಂದೇ ಹಲಗೆ, ಒಂದಷ್ಟು ಗುಂಡಿ, ಆರು ಕೆಂಪು ಅಂಕಿ. ಅದರಿಂದ ಕೆಲಸ ತೆಗೆಯಬೇಕಾದರೆ ಪಕ್ಕಕ್ಕೆ ಇನ್ನೊಂದು ಬೋರ್ಡು ಬೇಕು. ಆ ಬೋರ್ಡನ್ನು ಆಸಾಮಿ ತಿಂಗಳುಗಟ್ಟಲೆ ಕೂತು ತಾನೇ ರೂಪಿಸಿದ. ತಾಮ್ರ ಹೊದಿಸಿದ ಹಲಗೆಯ ಮೇಲೆ ಪೇಂಟಿನಲ್ಲಿ ಗೆರೆ ಎಳೆದು, ಮಿಕ್ಕ ತಾಮ್ರವನ್ನು ಕರಗಿಸಿ, ಒಂದು ರಿಲೇ, ಅಂದರೆ ಕರೆಂಟಿನಿಂದಲೇ ಒತ್ತುವ ಸ್ವಿಚ್ಚು, ಕೂರಿಸಿದ. ಕಂಪ್ಯೂಟರ್ ಹೇಳಿದಾಗ ಆ ರಿಲೇ ತೋಟದ ಮೋಟಾರನ್ನು ಶುರುಮಾಡಬೇಕು.

ಬಲ್ಬು ಕಟ್ಟಿ ಪರೀಕ್ಷೆ ಮಾಡುವಾಗ, ಕರೆಂಟು ಕೊಟ್ಟ ಕೂಡಲೇ, ಯಾರೂ ಹೇಳದೆ, ರಿಲೇ ಟಿಕ್ ಎನ್ನುತ್ತಿತ್ತು. ಬಲ್ಬು ಮಿನುಗಿ ಆರುತ್ತಿತ್ತು. ಎದ್ದಾಗ ಆಕಳಿಸುತ್ತದೆ ಎಂದು ನಕ್ಕು ಸುಮ್ಮನಾದ. ಬಲ್ಬೇನೋ ಆರಿತು. ಮೋಟಾರಿನ ಸ್ಟಾರ್ಟರ್ ಹಾಗಲ್ಲ. ಅದರ ಹಸಿರು ಗುಂಡಿಯನ್ನು ಒಮ್ಮೆ ಮುಟ್ಟಿದರೆ ಸಾಕು, ಇಲ್ಲವೇ ಗುಂಡಿಯ ಬದಲು ರಿಲೇ ಒಮ್ಮೆ ಟಿಕ್ ಎಂದರೂ ಸಾಕು, ಮೋಟಾರು ಓಡುತ್ತಲೇ ಇರುತ್ತದೆ. ಇದು ಅವನಿಗೆ ಗೊತ್ತಿಲ್ಲದ ವಿಷಯವೇ?

ಬೋರ್ಡು ಅರಳಗುಪ್ಪೆಯಲ್ಲಿ ಅಕ್ಕ ಗುರುಸಿದ್ದಮ್ಮನ ತೆಂಗಿನ ತೋಟಕ್ಕೆ ಹೋಯಿತು. ಅಲ್ಲಿ ಪಂಪು ಇದ್ದದ್ದು ಬಾವಿಯೊಳಗಿನ ಕಟ್ಟೆಯ ಮೇಲೆ; ಸ್ಟಾರ್ಟರ್, ಫ್ಯೂಸು, ಬೋರ್ಡು ಮೇಲಿನ ಪಂಪ್ ಮನೆಯಲ್ಲಿ. ಭಾವ ಕಾಡಸಿದ್ದಪ್ಪ ಬಾವಿಗಿಳಿಯುವ ಮುಂಚೆ ಫ್ಯೂಸುಗಳನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳದ ದಿನವೇ ಇಲ್ಲ.

ಅವತ್ತು ಮಧ್ಯಾಹ್ನ ಕರೆಂಟು ಹೋಗಿತ್ತು. ಪಂಪು ಸೋರುತ್ತಿದ್ದುದರಿಂದ ಅದರ ತಿರುಗುವ ಅಚ್ಚಿಗೆ ನೀರು ತಡೆಯುವ ಹೊಸ ದಾರ ಸುತ್ತಬೇಕೆಂದು ಭಾವ ಹೊರಟ. ಎಂದಿನಂತೆ ಒಂದು ಫ್ಯೂಸು ಕಿತ್ತ.

"ಅದ್ಯಾಕೆ ಕೀಳ್ತೀರಿ ಭಾವ? ಕರೆಂಟ್ ಬಂದ್ರೂ ನಾನು ಗುಂಡಿ ಒತ್ತಿ ಹೇಳೋಗಂಟ ಮೋಟಾರ್ ಓಡಲ್ಲ ಕಣ್ರೀ. ನನ್ ಬೋರ್ಡ್ ಮೇಲೆ ನಂಬ್ಕೆ ಇಲ್ವಾ?"

"ನಮ್ಮಪ್ಪನ ಕಾಲ್ದಿಂದ ಹಿಂಗೇ ಕಣಪ್ಪ."

ತೋಂಟದಾರ್ಯನ ಮುಖ ಸಪ್ಪಗಾಯಿತು. ಭಾವ ಅದನ್ನು ನೋಡಿದ.

"ಆಯ್ತು ಬುಡು," ಎಂದು ಕಿತ್ತದ್ದನ್ನು ಮತ್ತೆ ಸಿಕ್ಕಿಸಿ, ಮೆಟ್ಟಿಲಿಳಿದ.

ಗಾಳಿಯಿಲ್ಲ, ಗರಿ ಅಲುಗುತ್ತಿಲ್ಲ. ತೋಂಟದಾರ್ಯ ಪಂಪ್ ಮನೆಯ ಬಾಗಿಲಲ್ಲಿ ಕೂತು ಬೀಡಿ ಹಚ್ಚಿದ. ಬೆನ್ನ ಹಿಂದೆ ಆರು ಅಂಕಿ ಕೆಂಪಗೆ ಬೆಳಗಿದವು. ಟಿಕ್.

ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತಿರುಗುವಷ್ಟರಲ್ಲಿ ಸ್ಟಾರ್ಟರ್ ಧಡ್ ಎಂದಿತು, ಬಾವಿಯೊಳಗಿಂದ ಭಾವ ಕೂಗಿದ. ಇವನು ಕಲ್ಲಿನಂತೆ ನಿಂತ. ತೊಟ್ಟಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಗುರುಸಿದ್ದಮ್ಮ ಓಡಿಬಂದು, ಅವನನ್ನು ಪಕ್ಕಕ್ಕೆ ತಳ್ಳಿ, ಫ್ಯೂಸುಗಳನ್ನು ಕಿತ್ತಳು.

ಜೀವ ಉಳಿಯಿತು. ಬಲಗೈಯ ಮೂರು ಬೆರಳು ಹೋದವು.

ಆಸ್ಪತ್ರೆಯಲ್ಲಿ ಭಾವನೇ ಸಮಾಧಾನ ಹೇಳಿದ. "ನೀನೇನ್ ಮಾಡ್ತೀಯ ಬುಡು. ಕರೆಂಟಿನ ಆಟ."

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಯಾರೂ ಪ್ರಶ್ನಿಸುತ್ತಿರಲಿಲ್ಲ. ತೋಂಟದಾರ್ಯ ಮಂಚದ ಹತ್ತಿರಕ್ಕೆ ಸರಿದ.

"ಅಂಗಡೀಲೇ ಟಿಕ್ ಅಂತಿತ್ತು ಭಾವ. ದಿನಾ ಕೇಳಿಸ್ಕೋತಿದ್ದೆ."

ಭಾವ ಗೋಡೆಯ ಕಡೆಗೆ ಹೊರಳಿದ. ಮಂಚದ ಕಾಲ ಬಳಿ ಕೂತಿದ್ದ ಗುರುಸಿದ್ದಮ್ಮ, ಅವತ್ತಿನಿಂದ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದ ಒಂದು ಫ್ಯೂಸನ್ನು ಬಿಚ್ಚಿ ತಮ್ಮನ ಅಂಗೈಯಲ್ಲಿಟ್ಟಳು.

"ಇಟ್ಕೋ. ನಮ್ ತೋಟಕ್ಕೆ ಮಾತ್ರ ಬರ್ಬೇಡ," ಎಂದಳು.