ಹನ್ನೊಂದನೇ ಗೂಟದ ಚಿತ್ರ

ರಸ್ತೆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಗುಡ್ಡದಕ್ಕ ಎಂದೇ ಕರೆಯುತ್ತಿದ್ದರು. ಬೆಟ್ಟದ ರಸ್ತೆಯುದ್ದಕ್ಕೂ ಮೂವತ್ತು ಕಬ್ಬಿಣದ ಗೂಟ ನೆಟ್ಟಿದ್ದರು. ತಿಂಗಳಿಗೊಮ್ಮೆ ಒಂದೊಂದರ ಪಕ್ಕದಲ್ಲೂ ನಿಂತು, ಎದುರಿನ ಕಡಿದಾದ ಇಳಿಜಾರಿನ ಫೋಟೋ ತೆಗೆಯುವುದು ಅವಳ ಕೆಲಸ. ಮಣ್ಣು ಎಷ್ಟು ಜರಿದಿದೆ, ಯಾವ ಗಿಡ ಬೇರು ಬಿಟ್ಟಿದೆ, ಯಾವುದು ಒಣಗಿದೆ ಎಂದು ಚಿತ್ರದ ಕೆಳಗೆ ಬರೆಯಬೇಕು.

ಅವಳ ಒಬ್ಬನೇ ತಮ್ಮ ಅದೇ ರಸ್ತೆಯಲ್ಲಿ ಚರಂಡಿಗೆ ಬಿದ್ದ ಕಲ್ಲು ಮಣ್ಣು ಎತ್ತುವ ಗ್ಯಾಂಗಿನಲ್ಲಿದ್ದ. "ನಮ್ಮಕ್ಕನಿಗೆ ಮನುಷ್ಯರ ಫೋಟೋ ತೆಗೆದು ಸಾಕಾಗಿದೆ, ಗುಡ್ಡಕ್ಕೇ ಅಲ್ಲಾಡಬೇಡ ಅಂತಾಳೆ," ಎಂದು ಜೊತೆಯವರನ್ನು ನಗಿಸುತ್ತಿದ್ದ.

ಹನ್ನೊಂದನೇ ಗೂಟದ ಎದುರಿನ ಇಳಿಜಾರೆಂದರೆ ಅವಳಿಗೆ ಅಕ್ಕರೆ. ಅಲ್ಲಿ ಹುಲ್ಲು ನೆಡಿಸಿ ಎಂದು ಕಚೇರಿಯವರ ಬೆನ್ನು ಬಿದ್ದವಳೇ ಅವಳು. ಮಳೆ ಮುಗಿಯುವ ಹೊತ್ತಿಗೆ ಹುಲ್ಲು ಸೊಂಪಾಗಿ ಹಬ್ಬಿ, ಚಿತ್ರ ಕಣ್ಣಿಗೆ ಹಬ್ಬದಂತಿತ್ತು. ಬೇಸಿಗೆಯಲ್ಲಿ ಅದು ಒಣಗಿದಾಗ ಮೇಲ್ಭಾಗದಲ್ಲಿ ಒಂದು ಬಿರುಕು ಕಂಡಿತು. ಮೊದಲ ತಿಂಗಳು ಬೆರಳು ತೂರುವಷ್ಟಿತ್ತು, ಮರು ತಿಂಗಳು ಅಂಗೈ ಇಳಿಯಿತು. ಎಳೆಯ ಮರಗಳೆಲ್ಲ ಬುಡದಲ್ಲೇ ಮೊಣಕೈಯಂತೆ ಬಾಗಿದ್ದವು, ಅಡಿಯ ಮಣ್ಣು ಮೆಲ್ಲಗೆ ಜಾರುತ್ತಿರುವ ಗುರುತು ಅದು. ಹುಲ್ಲು ಕಿತ್ತು ನೋಡಿದಳು. ಬೇರು ಒಂದು ಗೇಣೂ ಇಳಿದಿರಲಿಲ್ಲ.

ಮಳೆಗಾಲಕ್ಕೆ ಮುಂಚಿನ ವರದಿಗೆ ಬಿರುಕಿನ ಚಿತ್ರ ಒಯ್ದಾಗ ಎಂಜಿನಿಯರ್ ಮುಖ ಗಂಟಿಕ್ಕಿದರು. ಇದನ್ನು ಹಾಕಿದರೆ ರಸ್ತೆ ಮುಚ್ಚಬೇಕಾಗುತ್ತದೆ, ಮುಚ್ಚಿದರೆ ಮೇಲಿನ ಊರುಗಳಿಗೆ ಬೇರೆ ದಾರಿಯಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿ, "ಒಣಗಿದಾಗ ಯಾವ ಗುಡ್ಡ ಚೆನ್ನಾಗಿ ಕಾಣುತ್ತೆ ಹೇಳಿ? ಹಸಿರಿದ್ದಾಗ ತೆಗೆದಿದ್ದೀರಲ್ಲ, ಅದನ್ನೇ ಹಾಕಿ," ಎಂದರು.

ಅದೂ ತಾನೇ ತೆಗೆದದ್ದು, ಸುಳ್ಳೇನಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ತಾನು ನೆಡಿಸಿದ ಹುಲ್ಲು ಕೈಕೊಟ್ಟಿತೆಂದು ಒಪ್ಪಲು ಮನಸ್ಸೂ ಬರಲಿಲ್ಲ. ಹಳೆಯ ಹಸಿರು ಚಿತ್ರದ ಕೆಳಗೆ ಈ ಬೇಸಿಗೆಯ ತಾರೀಖು ಹಾಕಿ ಸಹಿ ಮಾಡಿದಳು. ತಮ್ಮನಿಗೆ ಮಾತ್ರ, ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಡ ಎಂದಳು. ಮಣ್ಣು ಬೀಳೋ ಕಡೆ ತಾನೇ ನನ್ನ ಕೆಲಸ ಎಂದು ಅವನು ನಕ್ಕುಬಿಟ್ಟ.

ಮಳೆ ಹಿಡಿದ ನಾಲ್ಕನೇ ದಿನ, ಬೆಳಗಿನ ಹತ್ತು ಗಂಟೆಗೆ, ಇಳಿಜಾರು ಹುಲ್ಲಿನ ಸಮೇತ ಜಮಖಾನೆ ಎಳೆದಂತೆ ಜಾರಿ ಬಂತು. ಚರಂಡಿಯಲ್ಲಿ ಇಬ್ಬರಿದ್ದರು. ಒಬ್ಬ ಓಡಿ ಉಳಿದುಕೊಂಡ. ತಮ್ಮ ಮರುದಿನ ಸಿಕ್ಕಿದ, ಸಲಿಕೆ ಕೈಯಲ್ಲೇ ಇತ್ತು.

ಗುಡ್ಡ ಕುಸಿದದ್ದರ ಬಗ್ಗೆ ಇಲಾಖೆ ನಡೆಸಿದ ವಿಚಾರಣೆಯ ದಿನ ಬೆಳಿಗ್ಗೆ ಅವಳು ಮೊದಲು ತಮ್ಮನ ಮನೆಗೆ ಹೋದಳು. ಅವನ ಹೆಂಡತಿ ಮಗಳ ತಲೆ ಬಾಚುತ್ತಿದ್ದಳು. ಗುಡ್ಡದಕ್ಕ ಏನನ್ನೂ ಮುಚ್ಚಿಡದೆ ಹೇಳಿದಳು.

"ಅದು ಬೀಳುತ್ತೆ ಅಂತ ನಿಮಗೆ ಗೊತ್ತಿತ್ತಾ ಅಕ್ಕಾ?"

"ಗೊತ್ತಿತ್ತು."

ಬಾಚಣಿಗೆ ನಿಂತಿತು. "ಕೈ ಹಿಡಿದು ಎಳ್ಕೊಂಡು ಬರಬಹುದಿತ್ತಲ್ಲ," ಎಂದು ಮೆಲ್ಲಗೆ ಹೇಳಿ, ಅವಳು ಮಗುವನ್ನು ಕರೆದುಕೊಂಡು ಒಳಗೆ ಹೋದಳು.

ವಿಚಾರಣೆಯಲ್ಲಿ ಎಂಜಿನಿಯರ್ ಹಸಿರು ಚಿತ್ರವನ್ನೇ ಮುಂದಿಟ್ಟರು. ಗುಡ್ಡ ಗಟ್ಟಿಯಾಗಿಯೇ ಇತ್ತು, ಮಳೆ ಅತಿಯಾಯಿತು ಎಂದರು. ಗುಡ್ಡದಕ್ಕ ಬಾಯಿ ಮುಚ್ಚಿಕೊಂಡಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಬಿರುಕಿನ ಚಿತ್ರಗಳೆರಡನ್ನೂ ಮೇಜಿನ ಮೇಲಿಟ್ಟು, ಹಸಿರು ಚಿತ್ರದ ತಾರೀಖು ಸುಳ್ಳು, ಬರೆದ ಕೈ ತನ್ನದು ಎಂದಳು. ಎಂಜಿನಿಯರಿಗೆ ವರ್ಗವಾಯಿತು. ಇವಳ ಕೆಲಸ ಹೋಯಿತು.

ಈಗ ಪೇಟೆಯ ಅಂಗಡಿಯೊಂದರಲ್ಲಿ ಗುರುತಿನ ಚೀಟಿಗೆ ಫೋಟೋ ತೆಗೆಯುತ್ತಾಳೆ. ತಮ್ಮನ ಹೆಂಡತಿ ಮಗಳೊಂದಿಗೆ ತವರಿಗೆ ಹೋದಳು. ಗುಡ್ಡದಕ್ಕ ಅಲ್ಲಿಗೆ ಎರಡು ಕಾಗದ ಬರೆದಳು. ಮೊದಲನೆಯದು ಒಡೆಯದೆ ವಾಪಸ್ಸು ಬಂತು. ಎರಡನೆಯದು ಬರಲಿಲ್ಲ. ಓದಿದರೋ, ಒಲೆಗೆ ಹಾಕಿದರೋ ತಿಳಿಯದು. ಮೂರನೆಯದನ್ನು ಬರೆಯಲು ಅವಳಿಗೆ ಇನ್ನೂ ಧೈರ್ಯ ಬಂದಿಲ್ಲ.