ಕುಂಕುಮದ ಗಡಿಗೆ ಮತ್ತು ಶಿವವ್ವನ ಕಣ್ಣು

ಹುಕ್ಕೇರಿಯ ಶಿವವ್ವ ಕಲ್ಲೋಳಿಯ ಕೆಂಚವ್ವನ ಮನೆಗೆ ಸೊಸೆಯಾಗಿ ಬಂದದ್ದು ಮೂವತ್ತರ ದಶಕದ ಒಂದು ದೀಪಾವಳಿಯ ಮರುವಾರ. ಕೆಂಚವ್ವ ಕುಂಕುಮ ಮಾಡುವವಳು. ಅರಿಷಿಣದ ಕೊಂಬು ಕತ್ತರಿಸಿ, ನಿಂಬೆರಸ, ಬಿಳಿಗಾರ ಬೆರೆಸಿ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಸೋಮವಾರ ದೇವರ ಮೂಲೆಯಲ್ಲಿ ಇಟ್ಟಳೆಂದರೆ ಬಿಚ್ಚುವುದು ಮುಂದಿನ ಸೋಮವಾರವೇ. ನಡುವೆ ಯಾರೂ ಇಣುಕುವಂತಿಲ್ಲ. ಕೊಂಬು ಒಳಗಿನವರೆಗೆ ಕೆಂಪಾಗುವುದು ತನ್ನ ಜಪದಿಂದ ಎಂದು ಆಕೆ ನಂಬಿದ್ದಳು. ಬೇಸಿಗೆಯುದ್ದಕ್ಕೂ ಆ ಜಪ ತಪ್ಪದೆ ಫಲಿಸುತ್ತಿತ್ತು.

ಶಿವವ್ವ ಬಂದ ಮೇಲೆ ಬಿಚ್ಚಿದ ಮೊದಲ ಗಡಿಗೆಯಲ್ಲಿ ಕೊಂಬಿನ ಅಂಚಷ್ಟೇ ಕೆಂಪು, ನಡು ಹಳದಿ. ಹಿಂದಿನ ವರ್ಷ ಚಳಿಯಲ್ಲಿ ಹೀಗಾದಾಗ ತಪ್ಪು ಪಕ್ಕದ ಮನೆಯ ಬೆಕ್ಕಿನದಾಗಿತ್ತು. ಅದರ ಹಿಂದಿನ ವರ್ಷ ಗ್ರಹಣದ್ದು. ಈ ವರ್ಷ ಸೊಸೆ ಸಿಕ್ಕಳು.

“ನಿನ್ನ ಕಣ್ಣ ಬಿದ್ದೈತಿ. ಬಟ್ಟಿ ಬಿಚ್ಚಿ ನೋಡಿದಿಯೇನ?”

“ಇಲ್ರಿ ಅತ್ತಿ, ಆ ಕಡೆ ಹೊಳ್ಳಿನೂ ನೋಡಿಲ್ರಿ.”

“ನೋಡದ ಇಷ್ಟ ಕೆಟ್ಟಿತಂದ್ರ ನೋಡಿದ್ರ ಏನಾಗತಿತ್ತೋ! ಇನ್ನೊಂದ ಗಡಿಗಿ ಕೆಟ್ಟರ ಹುಕ್ಕೇರಿ ದಾರಿ ಹಿಡಿ.”

ಗಂಡ ದುಂಡಪ್ಪ ತಾಯಿಗೆ ಎದುರಾಡಿದವನಲ್ಲ. ಹಾಗೆ ತವರಿಗೆ ಹೋದವಳನ್ನು ಯಾರೂ ಕರೆಯಲು ಬರುವುದಿಲ್ಲ ಎಂಬುದು ಶಿವವ್ವನಿಗೆ ಗೊತ್ತಿತ್ತು.

ಹೊಸ ಕೊಂಬು ಬರಲು ಇನ್ನೂ ವಾರವಿತ್ತು. ಇಣುಕಬಾರದೆಂಬ ನೇಮ ಗಡಿಗೆಗಿತ್ತು, ತೆಂಗಿನ ಪರಟಿಗೆ ಇರಲಿಲ್ಲ. ಉಳಿದಿದ್ದ ಹಳೆಯ ಕೊಂಬು, ರಸ ಎರಡು ಪರಟಿಗೆ ಹಾಕಿ, ಒಂದನ್ನು ನೀರಿನ ಹರವಿಯ ಹಿಂದೆ ತಂಪಿಗೆ, ಇನ್ನೊಂದನ್ನು ಒಲೆಯ ಬದಿಗೆ ಇಟ್ಟಳು. ದಿನಾ ಸಂಜೆ ಒಂದೊಂದು ತುಂಡು ಮುರಿದು, ಕೆಂಪು ಎಷ್ಟು ಒಳಗೆ ಇಳಿದಿದೆ ಎಂದು ಉಗುರಿನಿಂದ ಅಳೆದಳು. ವಾರ ಮುಗಿಯುವಾಗ ಹರವಿಯ ಹಿಂದಿನದು ಇನ್ನೂ ಅಂಚು ದಾಟಿರಲಿಲ್ಲ, ಒಲೆಯ ಬದಿಯದು ನಡುವಿಗೆ ಮುಟ್ಟಿತ್ತು. ಸಣ್ಣಗೆ ಹೆಚ್ಚಿದ ತುಂಡು ಇನ್ನೂ ಬೇಗ.

ಮುಂದಿನ ಗಡಿಗೆಗೆ ಅವಳೇ ಕೊಂಬನ್ನು ಸಣ್ಣಗೆ ಹೆಚ್ಚಿದಳು.

“ಅತ್ತಿ, ದೇವರ ಮೂಲ್ಯಾಗ ಇಲಿ ಓಡ್ಯಾಡತಾವ್ರಿ. ಗಡಿಗಿ ಒಲಿ ಬಾಜೂ ಇಡ್ಲೇನ್ರಿ?”

ಇಲಿ ಇದ್ದದ್ದೇನೂ ಸುಳ್ಳಲ್ಲ. ಕೆಂಚವ್ವ ಒಪ್ಪಿದಳು, ಸ್ಥಳ ಬದಲಾಯಿತೆಂದು ಜಪವನ್ನೂ ಹೆಚ್ಚಿಸಿದಳು.

ಸೋಮವಾರ ಬಟ್ಟೆ ಬಿಚ್ಚಿದರೆ ಒಂದೊಂದು ತುಂಡೂ ಒಳಗಿನವರೆಗೆ ಕೆಂಪು. ಕೆಂಚವ್ವ ಕಣ್ಣು ಒರೆಸಿಕೊಂಡಳು.

“ನೋಡಿದಿಯೇನವ್ವಾ? ನನ್ನ ಜಪಕ್ಕ ನಿನ್ನ ಕಣ್ಣಿನ ದೋಷ ಸುಟ್ಟ ಹೋತು. ಇನ್ನ ನೀ ಎಲ್ಲೂ ಹೋಗೂದ ಬ್ಯಾಡ.”

“ಖರೇರಿ ಅತ್ತಿ,” ಎಂದು ಶಿವವ್ವ ಕಾಲಿಗೆ ಬಿದ್ದಳು. ದೇವರ ದಯೆ ಯಾವ ದಾರಿಯಿಂದ ಬಂದರೂ ಅವಳಿಗೆ ತಕರಾರಿರಲಿಲ್ಲ.

ದೋಷ ಸುಟ್ಟ ಕಣ್ಣಿನ ಸುದ್ದಿಯನ್ನು ಕೆಂಚವ್ವ ಓಣಿಗೆಲ್ಲ ಹೇಳಿದಳು. ಮರುದಿನವೇ ಪಕ್ಕದ ಸುಗರಾಬಿ ಬಂದಳು.

“ಶಿವವ್ವಾ, ನಿನ್ನ ಕಣ್ಣ ಭಾಳ ಚಲೋ ಆಗೈತಂತ. ಹೆಪ್ಪ ಹಾಕಿದ್ರೂ ನಮ್ಮ ಹಾಲ ಮೊಸರಾಗವಲ್ದು, ಒಮ್ಮಿ ನೋಡಿ ಹೋಗ ಬಾರವ್ವಾ.”

“ನಾ ಯಾಕ ಬರಬೇಕ? ಬೆಚ್ಚಗ ಒಲಿ ಬಾಜೂ ಇಡ, ಸಾಕು.”

“ಅಯ್ಯ, ಈಗ ಸೊಕ್ಕ ಬಂತೇನ ನಿನಗ!”

ಶಿವವ್ವ ಹೋದಳು. ಹಾಲಿನ ಗಡಿಗೆಯನ್ನು ಒಲೆಯತ್ತ ಸರಿಸಿ, ಸುಗರಾಬಿಗೆ ಸಮಾಧಾನವಾಗುವಷ್ಟು ಹೊತ್ತು ಅದನ್ನೇ ದಿಟ್ಟಿಸಿ ನೋಡಿದಳು.